ಎಂಟು ಓಕ್ ಮರಗಳು ಹೊತ್ತ ಬೆಳಕು

ಅದು ಕಲ್ಲಲ್ಲ, ಮರ! ಈ ಒಂದು ಮಾತು ತಲೆಗೆ ಇಳಿಯಲು ಎಂಥವರಿಗೂ ಸ್ವಲ್ಪ ಹೊತ್ತು ಬೇಕು. ಇಂಗ್ಲೆಂಡಿನ ಈಲಿ ಎಂಬ ಪುಟ್ಟ ಊರಿನ ಕೆಥೆಡ್ರಲ್‌ನ ನಟ್ಟನಡುವೆ ನಿಂತು ಕತ್ತೆತ್ತಿ ನೋಡಿ. ಸುತ್ತಲೂ ಎಂಟು ಕಲ್ಲಿನ ಕಂಬಗಳ ಗುಚ್ಛ. ಅವುಗಳ ತಲೆಯಿಂದ ನರನರವಾಗಿ ಹೊರಟ ಪಟ್ಟಿಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಾ ಒಳಕ್ಕೆ ಬಾಗಿ ಬಂದು, ನಡುವೆ ತಟಕ್ಕನೆ ನಿಂತುಬಿಡುತ್ತವೆ. ಅವು ನಿಂತ ಕಡೆಯಿಂದ ಮೇಲಕ್ಕೆ ಇನ್ನೊಂದು ಗೋಪುರ ಏಳುತ್ತದೆ. ಅದಕ್ಕೂ ಎಂಟು ಮುಖ, ಮುಖ ಮುಖಕ್ಕೂ ಕಿಟಕಿ. ನೆಲದಿಂದ 43 ಮೀಟರ್ ಮೇಲೆ ಎಂಟು ಮೊನೆಯ ನಕ್ಷತ್ರವೊಂದು ಅರಳಿ ನಿಂತಿದೆ, ಅದರ ಹೊಕ್ಕುಳಲ್ಲಿ ಕೈ ಎತ್ತಿ ಹರಸುತ್ತಿರುವ ಕ್ರಿಸ್ತ. ಇಷ್ಟು ದೊಡ್ಡದನ್ನು ಎತ್ತಿ ಹಿಡಿದಿರುವುದು ಕಲ್ಲೇ ಎಂದು ಕಣ್ಣು ಸಾಕ್ಷಿ ಹೇಳುತ್ತದೆ. ಕಣ್ಣು ಮೋಸಹೋಗಿದೆ. ಕಂಬಗಳ ತಲೆಯಿಂದಾಚೆಗೆ ಅಲ್ಲಿರುವುದೆಲ್ಲ ಓಕ್ ಮರ, ಅದಕ್ಕೆ ಬಳಿದ ಬಣ್ಣ, ಮೇಲೆ ಹೊದಿಸಿದ ಸೀಸ. ಸುಮಾರು ಏಳು ಶತಮಾನಗಳಿಂದ ನಿಂತಿರುವ ಈ ಅದ್ಭುತ ಹುಟ್ಟಿದ್ದಾದರೂ ಎಲ್ಲಿಂದ? ಒಂದು ಘೋರ ಕುಸಿತದಿಂದ!

ಈಲಿ ಇರುವುದು ಕೇಂಬ್ರಿಡ್ಜ್‌ನ ಉತ್ತರಕ್ಕೆ, ಫೆನ್ಸ್ ಎಂದು ಕರೆಯುವ ಚಪ್ಪಟೆ ನೆಲದಲ್ಲಿ. ಇವತ್ತು ಅಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣಿನ ಹೊಲಗಳಿವೆ. ಹದಿನೇಳನೇ ಶತಮಾನದಲ್ಲಿ ಕಾಲುವೆ ತೋಡಿ ನೀರು ಬಸಿಯುವ ತನಕ ಅದು ಬರೀ ಜೌಗು. ಜೊಂಡು, ಮಂಜು, ನೀರಹಕ್ಕಿ, ಹಾವುಮೀನು. ನೀರಿನ ನಡುವೆ ಸ್ವಲ್ಪವೇ ತಲೆಯೆತ್ತಿದ ಗುಡ್ಡವೊಂದು ದ್ವೀಪದಂತೆ ಉಳಿದುಕೊಂಡಿತ್ತು. ಆ ದ್ವೀಪಕ್ಕೆ ಈಲಿ ಎಂಬ ಹೆಸರು ಬಂದದ್ದೇ ಅಲ್ಲಿನ ಹಾವುಮೀನುಗಳ ರಾಶಿಯಿಂದ ಎಂದು ಎಂಟನೇ ಶತಮಾನದ ಇತಿಹಾಸಕಾರ ಬೀಡ್ ಬರೆದಿಟ್ಟಿದ್ದಾನೆ. ಈಸ್ಟ್ ಆಂಗ್ಲಿಯಾದ ರಾಜನ ಮಗಳು ಎಥೆಲ್‌ಡ್ರೆಡಾ ರಾಣಿಯ ಪಟ್ಟವನ್ನೂ ಸಂಸಾರವನ್ನೂ ಬಿಟ್ಟು ಬಂದು 673ರಲ್ಲಿ ಇಲ್ಲಿ ಮಠ ಕಟ್ಟಿದಳು. ಅವಳು ತೀರಿಕೊಂಡ ಹದಿನಾರು ವರ್ಷದ ಮೇಲೆ ಗೋರಿ ತೆರೆದಾಗ ದೇಹ ಕೆಟ್ಟಿರಲಿಲ್ಲ ಎಂಬ ಕತೆಯನ್ನೂ ಬೀಡ್ ಹೇಳುತ್ತಾನೆ. ಆ ಕತೆ ಜನರನ್ನು ಎಳೆಯಿತು. ದೋಣಿಯಲ್ಲಿ, ಕೆಸರಿನ ಕಾಲುದಾರಿಯಲ್ಲಿ ಯಾತ್ರಿಕರು ಬಂದರು, ಬರುತ್ತಲೇ ಇದ್ದರು.

ಈಗ ನಿಂತಿರುವ ಕಟ್ಟಡ ಶುರುವಾದದ್ದು ನಾರ್ಮನ್ನರ ಕಾಲದಲ್ಲಿ, 1083ರಲ್ಲಿ. ಜೌಗಿನಲ್ಲಿ ಕಲ್ಲೆಲ್ಲಿ ಬರಬೇಕು? ಬಾರ್ನಾಕ್ ಎಂಬಲ್ಲಿ ಒಳ್ಳೆಯ ಸುಣ್ಣಗಲ್ಲಿನ ಗಣಿ ಇತ್ತು, ಆದರೆ ಗಣಿ ಪೀಟರ್‌ಬರೋ ಮಠದ ಕೈಯಲ್ಲಿ. ಈಲಿಯ ಸನ್ಯಾಸಿಗಳು ಕೊಟ್ಟ ಬೆಲೆ ಕೇಳಿದರೆ ಮೈ ಜುಮ್ಮೆನ್ನುತ್ತದೆ: ವರ್ಷಕ್ಕೆ 8000 ಹಾವುಮೀನು! ನೀರಿನಲ್ಲಿ ಹರಿದಾಡುತ್ತಿದ್ದ ಮೀನು ಹೀಗೆ ಕಲ್ಲಾಗಿ, ಕಲ್ಲು ದೋಣಿಯೇರಿ ಬಂದು, 160 ಮೀಟರಿಗೂ ಉದ್ದದ ದೇವಾಲಯವಾಗಿ ನಿಂತಿತು. 66 ಮೀಟರ್ ಎತ್ತರದ ಅದರ ಪಶ್ಚಿಮ ಗೋಪುರ ಬಯಲಿನ ಆಚೆ ತುದಿಯಿಂದಲೇ ಕಾಣಿಸುತ್ತದೆ. ಬೆಳಗಿನ ಮಂಜು ನೆಲಕ್ಕೆ ಹಾಸಿಕೊಂಡಾಗ ಮೇಲಿನ ಕಟ್ಟಡವಷ್ಟೇ ತೇಲಿಬಂದಂತೆ ತೋರುವುದರಿಂದ ಜನ ಅದನ್ನು ಫೆನ್ಸ್‌ನ ಹಡಗು ಎಂದು ಕರೆಯುತ್ತಾರೆ.

ಪಶ್ಚಿಮದ ಬಾಗಿಲಿನಿಂದ ಒಳಗೆ ಬನ್ನಿ. ಅವಸರ ಬೇಡ. ಈಲಿಯ ಸೊಗಸು ಅದು ನಿಮ್ಮನ್ನು ಕಾಯಿಸುವ ರೀತಿಯಲ್ಲೇ ಇದೆ. ಎಡಬಲಕ್ಕೆ ಅರ್ಧಚಂದ್ರದ ಕಮಾನುಗಳು, ಅವುಗಳ ಮೇಲೆ ಇನ್ನೊಂದು ಸಾಲು, ಅದರ ಮೇಲೆ ಮತ್ತೊಂದು. ದಪ್ಪ ಗೋಡೆ, ಗಂಭೀರ ನೆರಳು. ಇದು ಗಾಥಿಕ್‌ಗಿಂತ ಹಿಂದಿನ ಶೈಲಿ. ಗೋಡೆ ದಪ್ಪವಾದಷ್ಟೂ ಕಟ್ಟಡ ಗಟ್ಟಿ ಎಂದು ನಂಬಿದ್ದ ಕಾಲದ್ದು. ಮೇಲಿನ ಬಣ್ಣದ ಚಾವಣಿ ಹತ್ತೊಂಬತ್ತನೇ ಶತಮಾನದ್ದು. ಚೆಲುವಾಗಿದೆ ನಿಜ, ಆದರೆ ಅಲ್ಲಿ ನಿಲ್ಲಬೇಡಿ. ಮುಂದೆ, ಆ ನೆರಳಿನ ಓಣಿಯ ಕೊನೆಯಲ್ಲಿ, ಒಂದು ಬೆಳಕಿದೆ. ನಡೆದಂತೆಲ್ಲ ಅದು ಅಗಲವಾಗುತ್ತದೆ. ಇನ್ನೂ ಹತ್ತು ಹೆಜ್ಜೆ ಹಾಕುತ್ತಿದ್ದಂತೆ ಗೋಡೆಗಳು ಎರಡೂ ಕಡೆ ಸರಿದುಹೋಗುತ್ತವೆ, ಚಾವಣಿ ಹಾರಿಹೋಗುತ್ತದೆ, ನೀವು ಆಕ್ಟಗನ್ ಎಂಬ ಆ ಎಂಟು ಮೂಲೆಯ ಬಯಲಿನಲ್ಲಿ ನಿಂತಿರುತ್ತೀರಿ!

ನಮ್ಮಲ್ಲಿ ಹೆಚ್ಚಿನವರಿಗೆ ಗಾಥಿಕ್ ಎಂದರೆ ಕಣ್ಣ ಮುಂದೆ ಬರುವುದು ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು. ಜರ್ಮನಿಯ ಕಲೋನ್ ಕೆಥೆಡ್ರಲ್‌ನ ಮಾದರಿಯಲ್ಲಿ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಆ ಕಟ್ಟಡದ ಅವಳಿ ಶಿಖರಗಳನ್ನು ನೋಡಿದ ಕಣ್ಣಿಗೆ ಗಾಥಿಕ್ ಅಂದರೆ ಮೇಲಕ್ಕೆ ಚಿಮ್ಮುವ ಮೊನೆ. ಈಲಿಯಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿನ ಗಾಥಿಕ್ ಒಳಗಡೆ ಅರಳುತ್ತದೆ.

ಶಿಲುಬೆಯಾಕಾರದ ಚರ್ಚುಗಳಲ್ಲಿ ಎರಡು ತೋಳೂ ಉದ್ದನೆಯ ನಡುವೂ ಕೂಡುವ ಚೌಕದ ಮೇಲೆ ಗೋಪುರ ಎಬ್ಬಿಸುವುದು ವಾಡಿಕೆ. ನಾಲ್ಕು ಮೂಲೆಯಲ್ಲಿ ನಾಲ್ಕು ದೈತ್ಯ ಕಂಬ, ಅವುಗಳ ತಲೆಯ ಮೇಲೆ ಸಾವಿರಾರು ಟನ್ ಕಲ್ಲು. ಈಲಿಯ ನಾರ್ಮನ್ನರೂ ಹಾಗೆಯೇ ಕಟ್ಟಿದ್ದರು. ಹದಿನಾಲ್ಕನೇ ಶತಮಾನದ ಹೊತ್ತಿಗೆ ಆ ಗೋಪುರ ಅಪಾಯದ ಸೂಚನೆ ಕೊಡತೊಡಗಿತ್ತು. 1321ರಲ್ಲಿ ಪಕ್ಕದಲ್ಲೇ ಮಾತೆ ಮರಿಯಳಿಗೆಂದು ಹೊಸ ಪ್ರಾರ್ಥನಾಮಂದಿರದ ಪಾಯ ತೋಡಿದ್ದು ಒದ್ದೆ ನೆಲದ ಸಮತೋಲವನ್ನು ಕೆಡಿಸಿರಬೇಕು ಎಂದು ಅನೇಕ ವಿದ್ವಾಂಸರ ಊಹೆ. ಸನ್ಯಾಸಿಗಳು ಗೋಪುರದ ಕೆಳಗೆ ಕೂತು ಹಾಡುವುದಕ್ಕೆ ಹೆದರಿ, ರಾತ್ರಿಯ ಪ್ರಾರ್ಥನೆಯನ್ನು ಬೇರೊಂದು ಕಿರುಮಂದಿರಕ್ಕೆ ಒಯ್ದಿದ್ದರು. ಆ ಹೆದರಿಕೆಯೇ ಅವರ ಜೀವ ಉಳಿಸಿತು. 1322ರ ಫೆಬ್ರವರಿಯ ಒಂದು ರಾತ್ರಿ ಪ್ರಾರ್ಥನೆ ಮುಗಿಸಿ ಮಲಗಲು ಹೊರಟಿದ್ದಾರೆ. ಅಷ್ಟರಲ್ಲಿ ಗೋಪುರ ಕುಸಿಯಿತು! ಭೂಕಂಪವೇ ಆಯಿತೇನೋ ಎನ್ನುವ ಹಾಗೆ ಸದ್ದಾಯಿತಂತೆ. ಬಿದ್ದದ್ದು ನೇರ ಗಾಯಕರ ಪೀಠಗಳ ಮೇಲೆ. ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ.

ಈಗ ಬೇಕಾದದ್ದು ಒಬ್ಬ ಮನುಷ್ಯ. ಅವನು ಇದ್ದ! ಅವನ ಹೆಸರು ಅಲನ್ ಆಫ್ ವಾಲ್ಸಿಂಗಮ್. ಕಸುಬಿನಲ್ಲಿ ಅಕ್ಕಸಾಲಿಗ. ಆ ಹೊತ್ತಿಗಷ್ಟೇ ಮಠದ ಸ್ಯಾಕ್ರಿಸ್ಟ್ ಆಗಿದ್ದವನು, ಅಂದರೆ ಕಟ್ಟಡಗಳೂ ಪೂಜೆಯ ಸಾಮಗ್ರಿಯೂ ಅವನ ಉಸ್ತುವಾರಿ. ಮಠದ ವೃತ್ತಾಂತ ಅವನ ಆ ರಾತ್ರಿಯ ಸ್ಥಿತಿಯನ್ನು ಮುಚ್ಚಿಡದೆ ಹೇಳುತ್ತದೆ: ದುಃಖದಿಂದ ಕುಗ್ಗಿಹೋಗಿದ್ದ, ಈ ರಾಶಿಯನ್ನು ಎಲ್ಲಿಂದ ಹಿಡಿಯಬೇಕು, ಏನು ಮಾಡಬೇಕು ಎಂದು ತೋಚದೆ ನಿಂತಿದ್ದ. ಆಮೇಲೆ ಚೇತರಿಸಿಕೊಂಡು ಮೊದಲು ಕಲ್ಲು ಮರಗಳನ್ನು ಹೊರಗೆ ಸಾಗಿಸಿದ. ಧೂಳನ್ನು ಗುಡಿಸಿದ. ನೆಲ ಬರಿದಾಯಿತು. ಆ ಬರಿನೆಲದ ಮೇಲೆ ಅವನು ಅಳತೆ ಮಾಡಿ ಗುರುತು ಹಾಕಿದ್ದು ನಾಲ್ಕು ಕಡೆಯಲ್ಲ, ಎಂಟು ಕಡೆ!

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಇಡೀ ಈಲಿಯ ಗುಟ್ಟು ಈ ಒಂದು ತೀರ್ಮಾನದಲ್ಲಿದೆ. ನಾಲ್ಕು ಕಂಬ ಬಿದ್ದಿವೆ. ನಾನು ನೀವು ಆದರೆ ಏನು ಮಾಡುತ್ತಿದ್ದೆವು? ಅವೇ ನಾಲ್ಕನ್ನು ಇನ್ನಷ್ಟು ದಪ್ಪವಾಗಿ ಎಬ್ಬಿಸುತ್ತಿದ್ದೆವು. ಹೆದರಿದವರು ಹಾಗೆಯೇ ಕಟ್ಟುತ್ತಾರೆ. ಅಲನ್ ಆ ನಾಲ್ಕು ಕಂಬಗಳನ್ನೇ ಕೈಬಿಟ್ಟ. ಅವುಗಳಾಚೆಗೆ ಸರಿದು, ಪಕ್ಕದ ಓಣಿಗಳ ಅಗಲವನ್ನೂ ಸೇರಿಸಿಕೊಂಡು, ಗಾಯವನ್ನು ಇನ್ನೂ ಅಗಲ ಮಾಡಿದ! ಚೌಕದ ಮೂಲೆಗಳನ್ನು ಕತ್ತರಿಸಿದಾಗ ಎಂಟು ಮುಖ ಬಂತು. ನಾಲ್ಕು ಮುಖದಲ್ಲಿ ಚರ್ಚಿನ ನಾಲ್ಕು ಬಾಹುಗಳಿಗೆ ತೆರೆಯುವ ಮಹಾಕಮಾನುಗಳು. ಉಳಿದ ನಾಲ್ಕು ಓರೆಮುಖಗಳಲ್ಲಿ ತಗ್ಗಿನ ಕಮಾನು, ಅದರ ಮೇಲೆ ಭಾರಿ ಕಿಟಕಿ. ಮಧ್ಯಯುಗದ ದೊಡ್ಡ ಚರ್ಚುಗಳಲ್ಲಿ ಅತಿ ಕತ್ತಲೆಯ ಮೂಲೆ ಯಾವುದೋ ಅದೇ ಮೂಲೆಯಿಂದ ಇಲ್ಲಿ ಬೆಳಕು ಓರೆಯಾಗಿ ಸುರಿಯುತ್ತದೆ. ಚಿನ್ನದ ಕೆಲಸಗಾರನೊಬ್ಬ ಹರಳು ಕೂರಿಸುವ ಮನೆಯನ್ನು ನೋಡುವ ಕಣ್ಣಿನಿಂದ ಕಟ್ಟಡವನ್ನು ನೋಡಿದ್ದಾನೆ ಎಂದೇ ನನಗನ್ನಿಸುವುದು. ಕಲ್ಲಿನ ಮೇಸ್ತ್ರಿಗಳ ಪಾಲು ಇದರಲ್ಲಿ ಎಷ್ಟು, ಅಲನ್‌ನದೆಷ್ಟು ಎಂದು ವಿದ್ವಾಂಸರು ವಾದಿಸುತ್ತಾರೆ, ವಾದಿಸಲಿ. ಹಾಗೆ ಕಟ್ಟಿ ಎಂದು ಒಪ್ಪಿ, ಹಣ ಹೊಂದಿಸಿ, ಮಠವನ್ನು ಜೊತೆಗೆ ಕರೆದುಕೊಂಡು ಹೋಗುವ ಎದೆಗಾರಿಕೆ ಅವನದು.

ಬುನಾದಿಯ ವಿಷಯದಲ್ಲಿ ಅವನು ಯಾವ ಧೈರ್ಯವನ್ನೂ ತೋರಿಸಲಿಲ್ಲ. ಒಮ್ಮೆ ಮೋಸಮಾಡಿದ ನೆಲವದು. ಎಂಟೂ ಕಡೆ ಗಟ್ಟಿ ತಳ ಸಿಗುವ ತನಕ ಅಗೆಸಿದ, ಕಲ್ಲು ಮರಳು ತುಂಬಿ ಬಿಗಿಮಾಡಿಸಿದ, ಆಮೇಲೆ ಕಂಬ ಎಬ್ಬಿಸಿದ. 1328ಕ್ಕೆ ಕಲ್ಲಿನ ಕೆಲಸ ಮುಗಿಯಿತು. ಆರೇ ವರ್ಷ! ಎಂಟು ಕಂಬಗಳ ಮೇಲೂ ಎಥೆಲ್‌ಡ್ರೆಡಾಳ ಬದುಕಿನ ಒಂದೊಂದು ಘಟನೆಯನ್ನು ಕೆತ್ತಿದ್ದಾರೆ. ಕತ್ತು ನೋಯುವ ತನಕ ನೋಡಿ, ಒಂದೊಂದೂ ಒಂದು ಪುಟ್ಟ ನಾಟಕ.

ಕಲ್ಲು ಮುಗಿದಾಗ ನಡುವೆ ಉಳಿದದ್ದು ಸುಮಾರು 22 ಮೀಟರ್ ಅಗಲದ ತೆರಪು. ಅದರ ಮೇಲೆ ಕಲ್ಲಿನ ಚಾವಣಿ ಹಾಕುವ ಮಾತೇ ಇಲ್ಲ. ಅಷ್ಟು ಅಗಲಕ್ಕೆ ಹರಡಿದ ಕಲ್ಲು ತನ್ನ ಭಾರದಿಂದ ಕಂಬಗಳನ್ನು ಹೊರಕ್ಕೆ ತಳ್ಳಿ ಕೆಡವುತ್ತಿತ್ತು. ಆಗ ಲಂಡನ್ನಿನಿಂದ ವಿಲಿಯಂ ಹರ್ಲಿ ಬಂದ. ರಾಜನ ಕೆಲಸಗಳಲ್ಲಿ ಪಳಗಿದ ಬಡಗಿ, ವೆಸ್ಟ್‌ಮಿನ್‌ಸ್ಟರ್ ಅರಮನೆಯ ಸೇಂಟ್ ಸ್ಟೀಫನ್ ಮಂದಿರದಲ್ಲೂ ಕೈಯಾಡಿಸಿದವನು. ಅವನು ಕೇಳಿದ್ದು ಮರ. ಎಂಥ ಮರ? ತಲಾ 19 ಮೀಟರ್ ಉದ್ದ, ಒಂದು ಮೀಟರ್ ದಪ್ಪ, ನೆಟ್ಟಗೆ ಬೆಳೆದ ಓಕ್ ಕಾಂಡ. ಒಂದಲ್ಲ, ಎಂಟು! ಇಂಗ್ಲೆಂಡ್ ಹುಡುಕಿದರು. ಬೆಡ್‌ಫರ್ಡ್‌ಶೈರಿನ ಚಿಕ್‌ಸ್ಯಾಂಡ್ಸ್ ಎಂಬಲ್ಲಿ ಸಿಕ್ಕಿದವು. ಅವನ್ನು ತರಲು ದಾರಿಯನ್ನೂ ಸೇತುವೆಗಳನ್ನೂ ಬಲಪಡಿಸಬೇಕಾಯಿತು ಎನ್ನುತ್ತಾರೆ. ಆ ಮರಗಳು ಮೊಳೆತದ್ದು ಯಾವ ಶತಮಾನದಲ್ಲೋ! ಕಟ್ಟುವವರು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಈ ಗೋಪುರದ ಕಂಬಗಳು ಕಾಡಿನಲ್ಲಿ ಎದ್ದು ನಿಲ್ಲತೊಡಗಿದ್ದವು ಎಂದು ನೆನೆದರೆ ರೋಮಾಂಚನವಾಗುತ್ತದೆ.

ಈಗ ಉಸಿರು ಬಿಗಿಹಿಡಿದು ಕೇಳಿ. ಆ ಎಂಟು ಮಹಾಕಾಂಡಗಳು ಮೇಲಿನ ಗೋಪುರದ ಎಂಟು ಮೂಲೆಯ ಕಂಬಗಳು. ಆದರೆ ಅವುಗಳ ಪಾದದ ಕೆಳಗೆ ಏನೂ ಇಲ್ಲ! ನೆಲದ ತನಕ ಬರೀ ಗಾಳಿ. ಹಾಗಾದರೆ ಹೊತ್ತವರು ಯಾರು? ಕೆಳಗಿನ ಕಲ್ಲಿನ ಎಂಟು ಮೂಲೆಗಳಿಂದ ದಪ್ಪ ದೂಲಗಳು ಓರೆಯಾಗಿ ಮೇಲಕ್ಕೂ ಒಳಕ್ಕೂ ಹೊರಟು, ತೂಗುವ ಆ ಕಂಬಗಳ ಬುಡವನ್ನು ಹಿಡಿದುಕೊಂಡಿವೆ. ಬುಡಗಳನ್ನು ಒಂದಕ್ಕೊಂದು ಜೋಡಿಸಿ ಸುತ್ತಲೂ ಮರದ ಬಳೆ ಕಟ್ಟಿದ್ದಾರೆ. ಎಂಟು ಜನ ವೃತ್ತಾಕಾರವಾಗಿ ನಿಂತು, ಒಳಕ್ಕೆ ಬಾಗಿ, ಚಾಚಿದ ಕೈಗಳಿಂದ ನಡುವೆ ಒಂದು ಭಾರಿ ಬಂಡಿಗಾಲಿಯನ್ನು ಎತ್ತಿ ಹಿಡಿದ ಹಾಗೆ. ಒಬ್ಬನು ಬಿಟ್ಟರೂ ಗಾಲಿ ವಾಲುತ್ತದೆ, ಎಲ್ಲರೂ ಒಂದೇ ಸಮ ಒತ್ತಿದರೆ ಅಲುಗುವುದಿಲ್ಲ. ಇನ್ನೂ ಒಂದು ಜಾಣ್ಮೆ ನೋಡಿ. ಮೇಲಿನ ಅಷ್ಟಕೋನವನ್ನು ಕೆಳಗಿನದಕ್ಕೆ ಸ್ವಲ್ಪ ತಿರುಗಿಸಿ ಕೂರಿಸಿದ್ದಾರೆ. ಕೆಳಗಿನ ಮೂಲೆಯ ನೇರಕ್ಕೆ ಮೇಲೆ ಮೂಲೆ ಬರುವುದಿಲ್ಲ, ಬದಿ ಬರುತ್ತದೆ. ಹಾಗಾಗಿ ಮೇಲಿನ ಒಂದೊಂದು ಕಂಬಕ್ಕೂ ಕೆಳಗಿನ ಎರಡೆರಡು ಮೂಲೆಗಳಿಂದ ಆಸರೆ ಸಿಗುತ್ತದೆ, ಭಾರ ಹಂಚಿಹೋಗುತ್ತದೆ. ನಾವು ಕೆಳಗಿನಿಂದ ನೋಡಿ ಮರುಳಾಗುವ ನಕ್ಷತ್ರ ಹುಟ್ಟಿದ್ದೂ ಈ ತಿರುವಿನಿಂದಲೇ. ಅಲ್ಲಿ ಅಂದಕ್ಕೂ ಬಲಕ್ಕೂ ಬೇರೆ ಬೇರೆ ಲೆಕ್ಕವಿಲ್ಲ.

ಕೆಳಗಿನಿಂದ ಕಾಣುವ ಬೀಸಣಿಗೆಯ ಪಟ್ಟಿಗಳು ಏನನ್ನೂ ಹೊರುವುದಿಲ್ಲ. ಅವು ಒಂದು ತೆಳುವಾದ ಮರದ ಪರದೆ. ನಿಜವಾಗಿ ದುಡಿಯುವ ದೂಲಗಳು ಆ ಪರದೆಯ ಹಿಂದೆ ಕತ್ತಲಲ್ಲಿವೆ, ಯಾತ್ರಿಕನ ಕಣ್ಣಿಗೆ ಬೀಳದೆ. ಉಕ್ಕಿನ ತೊಲೆಯಿಲ್ಲ, ಕಾಂಕ್ರೀಟಿಲ್ಲ, ಬಲಗಳ ಗಣಿತ ಇನ್ನೂ ಯಾರೂ ಬರೆದಿಲ್ಲ. ನ್ಯೂಟನ್ ಹುಟ್ಟುವುದಕ್ಕೆ ಇನ್ನೂ ಮುನ್ನೂರು ವರ್ಷ. ಇದ್ದದ್ದು ಕೊಡಲಿ, ಉಳಿ, ದಾರ, ಅಳತೆಕೋಲು, ಮತ್ತು ಮರ ಎಲ್ಲಿ ಬಾಗುತ್ತದೆ ಎಲ್ಲಿ ಬಾಗುವುದಿಲ್ಲ ಎಂದು ಅಂಗೈಯಲ್ಲೇ ತಿಳಿದಿದ್ದ ಬಡಗಿಗಳು. ನೂರಾರು ಟನ್ ಓಕ್, ಸೀಸ, ಗಾಜು ಆಕಾಶದಲ್ಲಿ ಒಂದಕ್ಕೊಂದು ಒರಗಿ ನಿಂತವು. 1342ಕ್ಕೆ ಕೆಲಸ ಪೂರ್ತಿಯಾಯಿತು. ಗೋಪುರ ಬಿದ್ದು ಇಪ್ಪತ್ತು ವರ್ಷ.

ಮಠದ ಲೆಕ್ಕದ ಸುರುಳಿಗಳು ಇಂದಿಗೂ ಉಳಿದಿವೆ, ಅದೇ ಇನ್ನೊಂದು ಭಾಗ್ಯ. ನಕ್ಷತ್ರದ ನಡುವಿನ ಕ್ರಿಸ್ತನನ್ನು ಓಕ್‌ನಲ್ಲಿ ಕೆತ್ತಿದವನು ಜಾನ್ ಆಫ್ ಬರ್ವೆಲ್. ಅವನಿಗೆ ಕೊಟ್ಟ ಕೂಲಿ ಎರಡು ಶಿಲಿಂಗ್ ಮತ್ತು ಊಟ. ಯುರೋಪಿನ ಎಷ್ಟೋ ಮಹಾಶಿಲ್ಪಗಳ ಕರ್ತೃಗಳು ಹೆಸರಿಲ್ಲದೆ ಮಣ್ಣಾದರು. ನೆಲದಿಂದ ಮುಖವೂ ಸರಿಯಾಗಿ ಕಾಣದಷ್ಟು ಎತ್ತರದಲ್ಲಿರುವ ಒಂದು ಕೆತ್ತನೆಯವನ ಹೆಸರು, ಊರು, ಕೂಲಿ, ಕೊನೆಗೆ ಉಂಡದ್ದೂ ದಾಖಲಾಗಿ ನಮ್ಮ ತನಕ ಬಂದಿದೆ!

ಇಷ್ಟಾದ ಮೇಲೂ ಮರ ಮರವೇ. ಹದಿನೆಂಟನೇ ಶತಮಾನದ ಹೊತ್ತಿಗೆ ಮೇಲಿನ ಗೋಪುರ ಲಡ್ಡಾಗಿತ್ತು. 1757ರಲ್ಲಿ ಕೇಂಬ್ರಿಡ್ಜ್‌ನ ವಾಸ್ತುಶಿಲ್ಪಿ ಜೇಮ್ಸ್ ಎಸೆಕ್ಸ್ ಪರೀಕ್ಷಿಸಿ, ಕೊಳೆತ ದೂಲಗಳನ್ನು ಬದಲಿಸಿ ಅದನ್ನು ಉಳಿಸಿದ. ಅವನ ರಿಪೇರಿಯಲ್ಲಿ ಹೊರರೂಪದ ಹಳೆಯ ಚೆಲುವು ಕಳೆದುಹೋಯಿತೆಂದು ದೂರುವವರಿದ್ದಾರೆ. ನನಗೆ ಆ ದೂರು ಹಿಡಿಸುವುದಿಲ್ಲ. ಎಸೆಕ್ಸ್ ಇಲ್ಲದಿದ್ದರೆ ದೂರಲು ಗೋಪುರವೇ ಇರುತ್ತಿರಲಿಲ್ಲ. ನೂರು ವರ್ಷದ ಮೇಲೆ ಇನ್ನೊಬ್ಬ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹಳೆಯ ಚಿತ್ರಗಳನ್ನೂ ಮರದಲ್ಲಿ ಉಳಿದ ಗುರುತುಗಳನ್ನೂ ಹಿಡಿದು ಮಧ್ಯಯುಗದ ರೂಪವನ್ನು ಮರಳಿ ಕೊಟ್ಟ. ಸುತ್ತಲಿನ ಹಲಗೆಗಳ ಮೇಲೆ ವಾದ್ಯ ಹಿಡಿದ ದೇವದೂತರನ್ನು ಗ್ಯಾಂಬಿಯರ್ ಪ್ಯಾರಿ ಬರೆದ. ಆ ಹಲಗೆಗಳು ಬಾಗಿಲುಗಳೂ ಹೌದು! ಮೆಟ್ಟಿಲೇರಿ ಹೋದರೆ, ಕಾವಲಿನವರು ಒಬ್ಬ ದೇವದೂತನನ್ನು ಮೆಲ್ಲಗೆ ಪಕ್ಕಕ್ಕೆ ತೆರೆಯುತ್ತಾರೆ. ಕೆಳಗೆ, ಬಹಳ ಕೆಳಗೆ, ನೆಲದ ಮೇಲೆ ಜನ ಚುಕ್ಕಿಗಳಾಗಿ ಕತ್ತೆತ್ತಿ ನಿಮ್ಮತ್ತಲೇ ನೋಡುತ್ತಿರುತ್ತಾರೆ. ನಿಮ್ಮ ಬೆನ್ನ ಹಿಂದೆ, ಕೈಗೆ ಎಟಕುವಂತೆ, ಹರ್ಲಿಯ ಕಾಲದ ಓಕ್ ದೂಲಗಳು.

ಗೋಪುರದ ಕುಸಿತಕ್ಕೆ ನೆಪವಾದ ಆ ಮರಿಯಳ ಮಂದಿರ ಏನಾಯಿತು? ಅದೂ ಎದ್ದಿತು. ಜಾನ್ ಆಫ್ ವಿಸ್ಬೆಕ್ ಎಂಬ ಸನ್ಯಾಸಿ 1321ರಿಂದ ಹಟ ಹಿಡಿದು ಕಟ್ಟಿದ. 14 ಮೀಟರ್ ಅಗಲ, ನಡುವೆ ಒಂದೂ ಕಂಬವಿಲ್ಲದ ಕಲ್ಲಿನ ಚಾವಣಿ, ಗೋಡೆಯೇ ಕಿಟಕಿಯಾದಂತಹ ಬಿಳಿಯ ಬೆಳಕು. 1349ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಮಹಾಪ್ಲೇಗು ಬಂತು, ವಿಸ್ಬೆಕ್ ಅದಕ್ಕೆ ಬಲಿಯಾದ. ಗೋಡೆಯ ಸುತ್ತ ಅಲೆಅಲೆಯಾಗಿ ಮುಂದಕ್ಕೆ ಬಾಗಿದ ಪುಟ್ಟ ಕಮಾನುಗಳು, ಅವುಗಳ ತುಂಬ ಮರಿಯಳ ಬದುಕಿನ ನೂರಾರು ಸಣ್ಣ ವಿಗ್ರಹಗಳು. ಹತ್ತಿರ ಹೋಗಿ ನೋಡಿದರೆ ಕರುಳು ಕಿವುಚುತ್ತದೆ. ಸಾಲುಸಾಲಾಗಿ ತಲೆ ಕಡಿದಿದ್ದಾರೆ. 1541ರಲ್ಲಿ, ಧರ್ಮಸುಧಾರಣೆಯ ಹೊತ್ತಿನಲ್ಲಿ, ಬಿಷಪ್ ಗುಡ್ರಿಚ್‌ನ ಆಜ್ಞೆಯಂತೆ ವಿಗ್ರಹಗಳೂ ಎಥೆಲ್‌ಡ್ರೆಡಾಳ ಸಮಾಧಿಯೂ ನಾಶವಾದವು. ಬಣ್ಣದ ಗಾಜೆಲ್ಲ ಹೋಗಿ ಬರೀ ತಿಳಿಗಾಜು ಉಳಿದಿರುವುದರಿಂದ ಆ ಗಾಯಗಳ ಮೇಲೆ ಈಗ ಹಗಲು ಪೂರ್ತಿಯಾಗಿ ಬೀಳುತ್ತದೆ. ಅಲ್ಲಿ ಒಂದು ಸ್ವರ ಹಾಡಿದರೆ ಅದು ಹಲವು ಕ್ಷಣ ಗೋಡೆಯಿಂದ ಗೋಡೆಗೆ ಸುತ್ತುತ್ತಿರುತ್ತದೆ.

ಅಲನ್ 1341ರಲ್ಲಿ ಮಠದ ಮುಖ್ಯಸ್ಥನಾದ. ಈಲಿಯ ಸನ್ಯಾಸಿಗಳು ಅವನನ್ನು ಎರಡು ಸಲ ಬಿಷಪ್ ಪದವಿಗೆ ಆರಿಸಿದರು, ಎರಡು ಸಲವೂ ಪೋಪ್ ಬೇರೆಯವರನ್ನು ನೇಮಿಸಿದ. ಆ ಬಿಷಪ್‌ಗಳ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಗಾಥಿಕ್ ಯುಗ ನಮಗೆ ಬಿಟ್ಟುಹೋದ ಕಟ್ಟಡಗಳಲ್ಲಿ ಫ್ರಾನ್ಸಿನ ಷಾರ್ಟ್ರ್ ಕೆಥೆಡ್ರಲ್ ಇನ್ನೂ ಪವಿತ್ರವಾಗಿ ಕಾಣಬಹುದು, ಕಲೋನ್ ಇನ್ನೂ ಎತ್ತರ. ಆದರೆ ಕಲ್ಪನೆಯ ಧೈರ್ಯ ಎಂಬುದಕ್ಕೆ ಅಳತೆಗೋಲು ಇದ್ದರೆ, ಈಲಿಯ ಈ ಎಂಟು ಮೂಲೆಯ ಬಯಲಿಗೆ ಸಮನಾದುದು ಇಂಗ್ಲೆಂಡಿನಲ್ಲಂತೂ ಇಲ್ಲ. ಇದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಓದಲಿಕ್ಕೋ ಕೆಲಸಕ್ಕೋ ಮಕ್ಕಳನ್ನು ನೋಡಲಿಕ್ಕೋ ಇಂಗ್ಲೆಂಡಿಗೆ ಹೋಗುವ ಕನ್ನಡಿಗರು ಈಗ ಬಹಳ ಮಂದಿ. ಕೇಂಬ್ರಿಡ್ಜ್ ನೋಡದೆ ಬರುವವರು ಕಡಿಮೆ, ಅಲ್ಲಿಂದ ರೈಲಿನಲ್ಲಿ ಕಾಲುಗಂಟೆಯ ಆಸುಪಾಸಿನಲ್ಲಿರುವ ಈಲಿಗೆ ಇಳಿಯುವವರು ಇನ್ನೂ ಕಡಿಮೆ. ದಯವಿಟ್ಟು ಇಳಿಯಿರಿ. ಬರೀ ಒಳಗೆ ಸುತ್ತಿ ಫೋಟೊ ತೆಗೆದು ಹೊರಡಬೇಡಿ. ಆಕ್ಟಗನ್ ಗೋಪುರ ಹತ್ತಿಸುವ ಟಿಕೆಟನ್ನು ಬೇರೆಯಾಗಿಯೇ ಕೊಳ್ಳಬೇಕು, ಮೊದಲೇ ಕಾದಿರಿಸಿಕೊಳ್ಳಿ. ಮೆಟ್ಟಿಲು ಕಿರಿದು, ಮಂಡಿ ನೋವಿದ್ದವರಿಗೆ ಕಷ್ಟ. ಹತ್ತಬಲ್ಲವರು ಮಾತ್ರ ಖಂಡಿತ ಹತ್ತಿ.